ಅಪ್ಪ ಕೇಳಿದ ಅಡಿ ಲೆಕ್ಕ

2024ರ ಆಗಸ್ಟ್ 11, ಭಾನುವಾರ. ಬೆಳಗಿನ ಐದೂವರೆಗೆ ಅಪ್ಪನ ಫೋನು. ಅಷ್ಟು ಹೊತ್ತಿಗೆ ಊರಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ.

"ಯವ್ವಾ, ಡ್ಯಾಮಿಂದು ಹತ್ತೊಂಬತ್ನೇ ಗೇಟು ಕಿತ್ಕೊಂಡು ಹೋಗೈತಂತೆ. ರಾತ್ರೀನೇ ಹೋಗೈತಂತೆ. ನಮ್ ಬ್ರಿಜ್ಜಿಗೆ ಎಷ್ಟಡಿ ಬರ್ತೈತೆ, ಎಷ್ಟೊತ್ತಿಗೆ ಬರ್ತೈತೆ? ನಿನ್ ಕಂಪ್ಯೂಟ್ರಾಗೆ ನೋಡಿ ಹೇಳು."

ನಮ್ಮ ಗದ್ದೆ ಇರುವುದು ತುಂಗಭದ್ರಾ ಡ್ಯಾಮಿನ ಕೆಳಗೆ, ಕಂಪ್ಲಿ ಸೇತುವೆಯ ಹತ್ತಿರ, ಹೊಳೆ ದಂಡೆಗೆ. ನಾಟಿ ಮುಗಿದು ಹತ್ತು ದಿನವಾಗಿತ್ತು. ಅಪ್ಪನ ಚಿಂತೆ ಸಸಿಯದ್ದಲ್ಲ, ಮೋಟರಿನದ್ದು. ಹೊಳೆಯ ದಡದಲ್ಲಿ ಕೂರಿಸಿದ ಮೋಟರನ್ನು ಬಿಚ್ಚಿ ಮೇಲಕ್ಕೆ ಹೊರಲು ನಾಲ್ಕು ಆಳು ಬೇಕು, ಎರಡು ತಾಸು ಬೇಕು. ಎತ್ತಬೇಕೋ ಬೇಡವೋ, ಎತ್ತುವುದಾದರೆ ಈಗಲೋ ಮಧ್ಯಾಹ್ನವೋ ಎನ್ನುವುದು ಅವರಿಗೆ ಗೊತ್ತಾಗಬೇಕಿತ್ತು. ಟೀವಿಯವರು ಕ್ಯುಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬುದನ್ನು, ಹೇಳುತ್ತಿದ್ದರು. ಅಪ್ಪ ಕೇಳಿದ್ದು ಅಡಿ ಮತ್ತು ಗಂಟೆ.

ನದಿಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಒಂಬತ್ತು ವರ್ಷದಿಂದ ಹೆಕ್-ರಾಸ್ ತೆರೆದುಕೊಂಡೇ ಕೂತಿದ್ದೇನೆ. ಅಮೆರಿಕದ ಸೇನೆಯ ಎಂಜಿನಿಯರುಗಳ ದಳ ಮಾಡಿದ, ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರ್ ಅದು. ಎಷ್ಟೋ ರಾಜ್ಯಗಳ ಎಷ್ಟೋ ಹೊಳೆಗಳನ್ನು ಅದರಲ್ಲಿ ಹರಿಸಿದ್ದೆ, ಈಜು ಕಲಿತ ಹೊಳೆಯನ್ನು ಮಾತ್ರ ಮುಟ್ಟಿರಲಿಲ್ಲ. ಅವತ್ತು ಅಪ್ಪನಿಗೆ ಕೊಡಲು ನನ್ನ ಹತ್ತಿರ ಮಾದರಿ ಇರಲಿಲ್ಲ. ಪೆನ್ನು ಹಿಡಿದೆ.

ತುಂಗಭದ್ರಾ ಅಣೆಕಟ್ಟೆಗೆ 33 ಕ್ರೆಸ್ಟ್ ಗೇಟು, ಅಂದರೆ ಕಟ್ಟೆಯ ನೆತ್ತಿಯ ಮೇಲೆ ಕೂರುವ ಗೇಟು. ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಪೂರ್ಣ ಮಟ್ಟ 1633 ಅಡಿ. ಅಂದರೆ ಗೇಟು ಕೂರುವ ಕಟ್ಟೆಯ ನೆತ್ತಿ 1613. ಹತ್ತೊಂಬತ್ತನೇ ಗೇಟಿನ ಚೈನ್ ತುಂಡಾಗಿ ಗೇಟೇ ಹೋದ ಮೇಲೆ ಅಲ್ಲಿ ಉಳಿದದ್ದು ಒಂದು ಕೋಡಿ, ಅಷ್ಟೆ. ಕೋಡಿಯ ಲೆಕ್ಕ ಸುಲಭ: ಅಗಲ ಗುಣಿಸು ನೀರಿನ ಎತ್ತರದ ಒಂದೂವರೆ ಘಾತ, ಅದಕ್ಕೊಂದು ಗುಣಾಂಕ. ಕಮಾನಿನ ಬೆನ್ನಿನ ಕೋಡಿಗೆ ಅಡಿ ಲೆಕ್ಕದಲ್ಲಿ 3.9 ಹಿಡಿಯಬಹುದು. 20 ಅಡಿಯ ಒಂದೂವರೆ ಘಾತ 89.4. ಎಲ್ಲ ಗುಣಿಸಿದರೆ ಸುಮಾರು 21 ಸಾವಿರ ಕ್ಯುಸೆಕ್.

ಟೀವಿಯಲ್ಲಿ ಆ ಒಂದು ಗೇಟಿನಿಂದಲೇ 35 ಸಾವಿರ ಎನ್ನುತ್ತಿದ್ದರು. ನಾನು ಎರಡು ಸಲ ಲೆಕ್ಕ ಮಾಡಿದೆ. ಆಮೇಲೆ ಇನ್ನೊಂದು ದಾರಿಯಿಂದ ನೋಡಿದೆ. 33 ಗೇಟೂ ಪೂರ್ತಿ ತೆರೆದರೆ ಹೋಗುವುದು ಆರೂವರೆ ಲಕ್ಷ ಕ್ಯುಸೆಕ್ ಎಂಬುದು ಈ ಅಣೆಕಟ್ಟೆಯ ವಿನ್ಯಾಸದ ಅಂಕಿ. ಭಾಗಿಸಿದರೆ ಗೇಟಿಗೆ 20 ಸಾವಿರಕ್ಕೂ ಸ್ವಲ್ಪ ಕಮ್ಮಿ. ಅಷ್ಟು ಎತ್ತರದ ನೀರು ಅಷ್ಟು ಅಗಲದ ಬಾಯಲ್ಲಿ 35 ಸಾವಿರ ಹೋಗಲು ದಾರಿಯೇ ಇಲ್ಲ. ಗೇಟು ಹೋದಾಗ ಜನ ಬೆಚ್ಚುವುದು ಸಹಜ, ಆದರೆ ಆ ಹೆಚ್ಚುವರಿ ಅಂಕಿ ದಂಡೆಯ ಊರುಗಳಲ್ಲಿ ಎಷ್ಟು ನಿದ್ದೆ ಕೆಡಿಸಿತು ಎಂದು ನನಗೆ ಗೊತ್ತು.

ಅಪ್ಪನಿಗೆ ವಾಪಸ್ ಫೋನ್ ಮಾಡಿ ಹೇಳಿದೆ: "ಅಪ್ಪಾ, ಈ ಒಂದು ಗೇಟಿಂದ ಹೊಳೆ ತುಂಬಲ್ಲ. ಆದ್ರೆ ಅವರು ಡ್ಯಾಂ ಇಳಿಸಲೇಬೇಕು, ಇಳಿಸಬೇಕಾದ್ರೆ ಉಳಿದ ಗೇಟೂ ಎತ್ತಲೇಬೇಕು. ಲಕ್ಷದ ಹತ್ರ ಬಿಡ್ತಾರೆ. ಮೋಟ್ರು ಈಗ್ಲೇ ಎತ್ತಿಸು."

ಎತ್ತಿಸಿದರು. ಆದರೆ ಎಷ್ಟಡಿ ಎಂಬ ಪ್ರಶ್ನೆಗೆ ಅವತ್ತು ನನ್ನಿಂದ ಉತ್ತರ ಹೋಗಲಿಲ್ಲ. ಅದು ಒಳಗೇ ಕೊರೆಯುತ್ತಿತ್ತು. ದಸರಾ ರಜೆಯಲ್ಲಿ ಕೂತು ತುಂಗಭದ್ರೆಯನ್ನು ಕಟ್ಟಲು ಶುರುಮಾಡಿದೆ. ಡ್ಯಾಮಿನಿಂದ ಕಂಪ್ಲಿ ದಾಟುವವರೆಗೆ.

ಮೊದಲ ಪ್ರಶ್ನೆಯೇ ಜಲಾಶಯವನ್ನು ಹೇಗೆ ಇಡುವುದು ಎಂಬುದು. ಹೆಕ್-ರಾಸ್‌ನಲ್ಲಿ ಇದಕ್ಕೆ ಬೇರೆ ಬೇರೆ ದಾರಿಗಳಿವೆ. ಇಡೀ ಜಲಾಶಯವನ್ನು ಒಂದು ಪಾತ್ರೆ ಎಂದುಕೊಳ್ಳಬಹುದು. ಅದಕ್ಕೆ ಸ್ಟೋರೇಜ್ ಏರಿಯಾ ಎನ್ನುತ್ತಾರೆ. ಯಾವ ಮಟ್ಟಕ್ಕೆ ಎಷ್ಟು ನೀರು ಎಂಬ ಕೋಷ್ಟಕ ಕೊಟ್ಟರೆ ಸಾಕು, ಒಳಗೆಲ್ಲ ನೀರು ಒಂದೇ ಮಟ್ಟದಲ್ಲಿದೆ ಎಂದು ಅದು ನಂಬುತ್ತದೆ. ಇಲ್ಲವೇ ಜಲಾಶಯವೂ ಹೊಳೆಯೇ, ಅಗಲವಾದ ಆಳವಾದ ಹೊಳೆ, ಎಂದು ಉದ್ದಕ್ಕೂ ಅಡ್ಡಕೊಯ್ತಗಳನ್ನು, ಅಂದರೆ ದಡದಿಂದ ದಡಕ್ಕೆ ತಳದ ಆಕಾರವನ್ನು, ಕೊಡಬಹುದು. ಆಗ ನೀರಿನ ಮೈಯ ಇಳಿಜಾರೂ ಲೆಕ್ಕಕ್ಕೆ ಬರುತ್ತದೆ. ಮೂರನೆಯದು, ತಳವನ್ನೆಲ್ಲ ಬಲೆಯಂತೆ ಚೌಕಳಿ ಮಾಡಿ ಎರಡು ಆಯಾಮದಲ್ಲಿ ಹರಿಸುವುದು.

ಹೊಸಬರು ನನ್ನನ್ನು ಯಾವುದು ಸರಿ ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿನಗೆ ಯಾವ ಊರಿನ ಉತ್ತರ ಬೇಕು? ಹೂವಿನಹಡಗಲಿ ಕಡೆಯ ಹಿನ್ನೀರಿನ ಊರಿನವರು ಕೇಳುತ್ತಿದ್ದರೆ ಪಾತ್ರೆಯ ಲೆಕ್ಕ ಅವರಿಗೆ ಮೋಸ ಮಾಡುತ್ತದೆ. ದೊಡ್ಡ ಮಹಾಪೂರ ಒಳಬರುವಾಗ ಡ್ಯಾಮಿನ ಬಾಯಲ್ಲಿ 1633 ಇದ್ದರೆ ಹಿನ್ನೀರಿನ ತುದಿಯಲ್ಲಿ ಅದಕ್ಕಿಂತ ಮೇಲೆಯೇ ಇರುತ್ತದೆ. ಹರಿಯಬೇಕಾದರೆ ನೀರಿಗೆ ಇಳಿಜಾರು ಬೇಕಲ್ಲ. ಅಲ್ಲಿ ಅಡ್ಡಕೊಯ್ತವೇ ಬೇಕು. ಆದರೆ ಕೆಳಗಿನ ಕಂಪ್ಲಿಯವರು ಕೇಳುತ್ತಿದ್ದರೆ, ಡ್ಯಾಂ ಎಷ್ಟು ದಿನದಲ್ಲಿ ಎಷ್ಟು ಇಳಿಯುತ್ತದೆ ಎಂಬುದಷ್ಟೇ ಪ್ರಶ್ನೆಯಾದರೆ, ಪಾತ್ರೆ ಸಾಕು. ಹತ್ತು ಮೀಟರ್ ಆಳದ ನೀರಲ್ಲಿ ಅಲೆಯ ವೇಗ ಸೆಕೆಂಡಿಗೆ ಹತ್ತು ಮೀಟರಿನ ಹತ್ತಿರ. ಒಂದು ಕಡೆಯ ಏರುಪೇರು ಇನ್ನೊಂದು ಕಡೆಗೆ ತಾಸುಗಳಲ್ಲಿ ಮುಟ್ಟಿ ಸಮವಾಗುತ್ತದೆ, ಡ್ಯಾಂ ಇಳಿಯುವುದು ದಿನಗಳಲ್ಲಿ. ನಾನು ಪಾತ್ರೆಯನ್ನೇ ಆರಿಸಿಕೊಂಡೆ.

ಎರಡನ್ನೂ ಒಟ್ಟಿಗೆ ಇಟ್ಟವರನ್ನೂ ನೋಡಿದ್ದೇನೆ. ಜಲಾಶಯದ ಒಳಗೆ ಅಡ್ಡಕೊಯ್ತಗಳೂ ಇವೆ, ಪಕ್ಕಕ್ಕೆ ಅದೇ ನೀರಿನ ಪಾತ್ರೆಯೂ ಇದೆ. ಒಂದೇ ನೀರು ಎರಡು ಸಲ ಎಣಿಕೆಯಾಗಿ ಪ್ರವಾಹ ತಗ್ಗಿಬಿಡುತ್ತದೆ, ನಕ್ಷೆಯಲ್ಲಿ ಊರುಗಳು ಸುರಕ್ಷಿತವಾಗಿ ಕಾಣುತ್ತವೆ. ಸಾಫ್ಟ್‌ವೇರ್ ಇದಕ್ಕೆ ಕೆಂಪು ಅಕ್ಷರದಲ್ಲಿ ಏನನ್ನೂ ಹೇಳುವುದಿಲ್ಲ. ಅದಕ್ಕೇ ಈ ತಪ್ಪು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ.

ಪಾತ್ರೆಯಾದರೂ ಯಾವ ಪಾತ್ರೆ? 1953ರಲ್ಲಿ ತುಂಬಿದಾಗ ಇದರ ಸಾಮರ್ಥ್ಯ 132 ಟಿಎಂಸಿ ಚಿಲ್ಲರೆ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). 2016ರ ಸರ್ವೆಯ ಪ್ರಕಾರ 105.788. ಉಳಿದ 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಹಳೆಯ ಕೋಷ್ಟಕ ಹಾಕಿದರೆ ನಿಮ್ಮ ಮಾದರಿ ಇಲ್ಲದ ನೀರನ್ನು ಇದೆ ಎಂದು ನಂಬುತ್ತದೆ. 27 ಟಿಎಂಸಿ ಅಂದರೆ ಒಂದೇ ಸಮ ಲಕ್ಷ ಕ್ಯುಸೆಕ್ಕಿನಂತೆ ಮೂರು ದಿನ ಹರಿಯುವ ನೀರು. ಅಂತರ್ಜಾಲದಲ್ಲಿ ಸುಲಭಕ್ಕೆ ಸಿಗುವುದು ಹಳೆಯ ಅಂಕಿಯೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನನ್ನ ಕೆಲಸದಲ್ಲಿ ನಾನು ಸದಾ ಬಾಯಲ್ಲಿಟ್ಟುಕೊಳ್ಳುವ ಎರಡು ಅಂಕಿಗಳಿವೆ. ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ತುಂಬಿದ ತುಂಗಭದ್ರೆಯ ನೀರಿನ ಹರವು 378 ಚದರ ಕಿಲೋಮೀಟರ್, ಅದರ ಮೇಲಿನ ಒಂದು ಅಡಿ ಅಂದರೆ 4 ಟಿಎಂಸಿ. ಹಾಗಾದರೆ ಒಳಹರಿವೇ ಇಲ್ಲದಿದ್ದರೂ ಲಕ್ಷ ಕ್ಯುಸೆಕ್ ಬಿಟ್ಟು ದಿನಕ್ಕೆ ಇಳಿಸಬಹುದಾದ್ದು ಬರೀ ಎರಡಡಿ. ಒಳಹರಿವಿದ್ದರೆ ಇನ್ನೂ ಕಮ್ಮಿ. "ಬೇಗ ಖಾಲಿ ಮಾಡಿ ಗೇಟು ಹಾಕಬಾರದಾ" ಎಂದು ಅವತ್ತು ಎಲ್ಲರೂ ಕೇಳಿದರು. ಪೂರ್ತಿ 20 ಅಡಿ ಇಳಿಸಲು ಕಾಯುತ್ತಿದ್ದರೆ ಎಷ್ಟು ದಿನ, ಎಷ್ಟು ಟಿಎಂಸಿ ಹೋಗುತ್ತಿತ್ತು ಎಂದು ಈ ಎರಡು ಅಂಕಿಯಿಂದ ಯಾರು ಬೇಕಾದರೂ ಲೆಕ್ಕ ಹಾಕಬಹುದು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಬಾಯಿ ಮುಚ್ಚುವ ಉಕ್ಕಿನ ತುಂಡುಗಳನ್ನು, ಇಳಿಸಿತಲ್ಲ, ಅದು ಎಷ್ಟು ದೊಡ್ಡ ಕೆಲಸ ಎಂಬುದು ನನಗೆ ಈ ಲೆಕ್ಕ ಬರೆದು ನೋಡಿದಾಗ ಮೈಯೆಲ್ಲ ತಿಳಿಯಿತು. ಎರಡನೇ ಬೆಳೆಯ ಆಸೆ ಇಟ್ಟುಕೊಂಡಿದ್ದ ಕಾಲುವೆಯ ಕೊನೆಯ ರೈತನವರೆಗೆ ಆ ತಂಡದ ಋಣವಿದೆ.

ಇನ್ನು ಕಟ್ಟೆ. ಹೆಕ್-ರಾಸ್‌ನಲ್ಲಿ ಅದು ಇನ್‌ಲೈನ್ ಸ್ಟ್ರಕ್ಚರ್. ಕಟ್ಟೆಯ ನೆತ್ತಿಯ ಗೆರೆ ಎಳೆದು ಅದರಲ್ಲಿ ಗೇಟುಗಳನ್ನು ಕೂರಿಸುವುದು. ಗೇಟುಗಳನ್ನು ಗುಂಪು ಮಾಡಿ ಕೊಡಬೇಕು. ಒಂದು ಗುಂಪಿನಲ್ಲಿ 25ರವರೆಗೆ ಇಡಬಹುದು, ಗುಂಪಿನ ಗೇಟುಗಳೆಲ್ಲ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ. ನನಗೆ ಹತ್ತೊಂಬತ್ತು ಒಂಟಿಯಾಗಿ ಬೇಕಿತ್ತು. ಹಾಗಾಗಿ ಮೂರು ಗುಂಪು: ಎಡಕ್ಕೆ 18, ನಡುವೆ 1, ಬಲಕ್ಕೆ 14. ಪರದೆಯ ಮೇಲೆ ಆ ಸಾಲು ಮೂಡಿದಾಗ ನಡುವಿನ ಒಂಟಿ ಚೌಕವನ್ನೇ ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಗೇಟು ಸ್ವಲ್ಪವೇ ಎತ್ತಿದಾಗ ನೀರು ಅದರ ಅಡಿಯಿಂದ ಚಿಮ್ಮುತ್ತದೆ, ಅಲ್ಲಿ ಲೆಕ್ಕ ವರ್ಗಮೂಲದ್ದು. ಗೇಟು ನೀರಿನ ಮೈ ಬಿಟ್ಟು ಮೇಲೆ ಹೋದರೆ ಕೋಡಿಯ ಲೆಕ್ಕ. ನೀರಿನ ಎತ್ತರ ತೆರಪಿನ 1ರಿಂದ 1.25 ಪಟ್ಟು ಇದ್ದಾಗ ಸಾಫ್ಟ್‌ವೇರ್ ಎರಡರ ನಡುವೆ ಜಾರುತ್ತದೆ. ಸಮಸ್ಯೆ ಹುಟ್ಟುವುದು ಇಲ್ಲೇ. ಕಿತ್ತುಹೋದ ಗೇಟನ್ನು ನಾನು ಒಂದೇ ನಿಮಿಷದಲ್ಲಿ 0ಯಿಂದ 20 ಅಡಿ ತೆರೆದೆ, ಲೆಕ್ಕದ ಹೆಜ್ಜೆಯೂ, ಅಂದರೆ ಸಾಫ್ಟ್‌ವೇರ್ ಒಂದು ಲೆಕ್ಕದಿಂದ ಮುಂದಿನದಕ್ಕೆ ಜಿಗಿಯುವ ಹೊತ್ತೂ, ಒಂದು ನಿಮಿಷವೇ ಇತ್ತು. ಒಂದೇ ಹೆಜ್ಜೆಯಲ್ಲಿ 21 ಸಾವಿರ ಕ್ಯುಸೆಕ್ ಕೆಳಗೆ ಬಿದ್ದರೆ ಯಾವ ಲೆಕ್ಕ ತಡೆದುಕೊಂಡೀತು? ಕಟ್ಟೆಯ ಕೆಳಗಿನ ಮೊದಲ ಅಡ್ಡಕೊಯ್ತದಲ್ಲಿ ನೀರು ಗರಗಸದ ಹಲ್ಲಿನಂತೆ ಏರಿಳಿದು ಲೆಕ್ಕದ ಓಟವೇ ನಿಂತುಹೋಯಿತು. ಹೆಜ್ಜೆಯನ್ನು ಐದು ಸೆಕೆಂಡಿಗೆ ಇಳಿಸಿದೆ, ಕಟ್ಟೆಯ ಕೆಳಗೆ ಅಡ್ಡಕೊಯ್ತಗಳನ್ನು ಹತ್ತಿರ ಹತ್ತಿರ ಇಟ್ಟೆ, ಶುರುವಿನಲ್ಲೇ ಹೊಳೆಯಲ್ಲಿ ನೀರು ಹರಿಯುತ್ತಿರುವಂತೆ ಮಾಡಿದೆ. ಒಣ ಹೊಳೆಗೆ ಇದ್ದಕ್ಕಿದ್ದಂತೆ ನೀರು ಬಿಟ್ಟರೆ ಈ ಸಾಫ್ಟ್‌ವೇರ್ ಉಸಿರುಗಟ್ಟುತ್ತದೆ. ಐದು ಸ್ಟಾಪ್‌ಲಾಗ್‌ಗಳನ್ನೂ ಹಾಕಿ ನೋಡಿದೆ. ನಾಲ್ಕು ನಾಲ್ಕು ಅಡಿಯಂತೆ ನೆತ್ತಿ ಏರುತ್ತಾ ಹೋಗುವುದು. 12 ಅಡಿ ನೀರಿದ್ದಾಗ ಸುಮಾರು 9,700 ಕ್ಯುಸೆಕ್, 8 ಅಡಿಗೆ 5,300, 4 ಅಡಿಗೆ ಎರಡು ಸಾವಿರವೂ ಇಲ್ಲ. ಮೊದಲ ಎರಡು ತುಂಡು ಕೂತರೆ ಅರ್ಧ ಯುದ್ಧ ಗೆದ್ದಂತೆ ಎಂದು ಆ ಅಂಕಿಗಳೇ ಹೇಳುತ್ತವೆ.

ಕಟ್ಟೆಯ ಕೆಲಸ ಮೇಜಿನ ಮೇಲೆ ಮುಗಿಯಿತು. ಹೊಳೆಯದ್ದು ಮುಗಿಯಲಿಲ್ಲ.

ಉಪಗ್ರಹದ ಎತ್ತರ ನಕ್ಷೆ ನೀರಿನ ಮೈಯನ್ನು ನೋಡುತ್ತದೆ, ತಳವನ್ನು ನೋಡುವುದಿಲ್ಲ. ಹಂಪಿಯ ಹತ್ತಿರವಂತೂ ಮನೆಯಷ್ಟು ದೊಡ್ಡ ಬಂಡೆಗಳು ಹೊಳೆಯ ನಡುವೆಯೇ ಕೂತಿವೆ, ಮೂವತ್ತು ಮೀಟರಿನ ಒಂದೊಂದು ಚೌಕದಲ್ಲಿ ಬಂಡೆ ಯಾವುದು, ಮಡು ಯಾವುದು ಎಂದು ತಿಳಿಯುವುದೇ ಇಲ್ಲ. ಅದರ ಮೇಲೆ ವಿಜಯನಗರದ ಕಾಲದ ಅಣೆಗಳು. ತುರ್ತಾ ಕಾಲುವೆಗೆ ನೀರು ತಿರುಗಿಸುವ ಕಲ್ಲಿನ ಅಣೆ ಇವತ್ತಿಗೂ ಕೆಲಸ ಮಾಡುತ್ತಿದೆ, ಅದರ ನೀರಿನಲ್ಲಿ ಇವತ್ತಿಗೂ ಹಂಪಿಯ ಬಾಳೆ, ಗದ್ದೆ ಬೆಳೆಯುತ್ತವೆ. ನನ್ನ ಮಾದರಿಯಲ್ಲಿ 1953ರ ಕಟ್ಟೆಯ ಕೆಳಗೆ ಅದೂ ಒಂದು ಇನ್‌ಲೈನ್ ಸ್ಟ್ರಕ್ಚರ್, ಗೇಟಿಲ್ಲದ್ದು. ದೊಡ್ಡ ಪ್ರವಾಹದಲ್ಲಿ ಅದು ಮುಳುಗಿಹೋಗುವುದರಿಂದ ಬಿಟ್ಟರೂ ನಡೆಯುತ್ತದೆ ಎಂದು ಒಬ್ಬ ಗೆಳೆಯ ಅಂದ. ನಾನು ಬಿಡಲಿಲ್ಲ. ಕಡಿಮೆ ನೀರಿನಲ್ಲಿ ಮೇಲಿನ ಮಡುವಿನ ಮಟ್ಟವನ್ನು ಹಿಡಿದು ನಿಲ್ಲಿಸುವುದು ಅದೇ, ಶುರುವಿನ ಮಟ್ಟ ತಪ್ಪಿದರೆ ಮೊದಲ ಅಲೆ ತಪ್ಪುತ್ತದೆ.

ಮುಂದಿನ ಏಪ್ರಿಲ್‌ನಲ್ಲಿ ಆನೆಗೊಂದಿ ಕಡೆಯ ಒಬ್ಬ ಹರಿಗೋಲಿನವರನ್ನು ಗೊತ್ತುಮಾಡಿಕೊಂಡೆ. ಬಿದಿರು ಹೆಣೆದು ಡಾಂಬರು ಬಳಿದ ಅಗಲ ಬುಟ್ಟಿ, ಅದರಲ್ಲಿ ನಾವಿಬ್ಬರು. ಹಗ್ಗಕ್ಕೆ ಅಡಿಗೊಂದು ಬಣ್ಣದ ಬಟ್ಟೆಚೂರು ಕಟ್ಟಿ ತುದಿಗೆ ಕಲ್ಲು ಬಿಗಿದಿದ್ದೆ. ದಡದಿಂದ ದಡಕ್ಕೆ ಹೋಗುತ್ತಾ ಇಳಿಬಿಡುವುದು, ಎಣಿಸುವುದು, ಮೊಬೈಲಿನಲ್ಲಿ ಜಾಗ ಗುರುತು ಹಾಕುವುದು. ಮೂರನೇ ಸಲಕ್ಕೇ ಅವರು ನಾನು ಹಗ್ಗ ಬಿಡುವ ಮೊದಲೇ ಹೇಳತೊಡಗಿದರು: "ಇಲ್ಲಿ ಎರಡಾಳು... ಇಲ್ಲಿ ಎದಿಮಟ್ಟ... ಇಲ್ಲಿ ಬ್ಯಾಡಮ್ಮಾ, ಇಲ್ಲಿ ನಿನ್ ಹಗ್ಗ ಸಾಲಲ್ಲ." ಹಗ್ಗ ನಿಜವಾಗಿಯೂ ಸಾಲಲಿಲ್ಲ. ಆ ಮಡು ಉಪಗ್ರಹದ ನಕ್ಷೆಯಲ್ಲಿ ಚಪ್ಪಟೆ ನೆಲವಾಗಿತ್ತು. ಅವತ್ತು ಸಂಜೆ ಅವರು ಹೇಳಿದ್ದನ್ನೂ ನಾನು ಅಳೆದದ್ದನ್ನೂ ಪಕ್ಕಪಕ್ಕ ಬರೆದೆ. ಒಂದಾಳು ಅಂದರೆ ಐದೂವರೆ ಅಡಿ ಎಂದು ಹಿಡಿದರೆ ಹೆಚ್ಚಿನ ಕಡೆ ಅರ್ಧ ಅಡಿಯ ವ್ಯತ್ಯಾಸವೂ ಇರಲಿಲ್ಲ. ಅಳೆಯಲು ಆಗದ ನಾಲ್ಕು ಅಡ್ಡಕೊಯ್ತಗಳಿಗೆ ಅವರ ಮಾತನ್ನೇ ಅಂಕಿಯಾಗಿ ಹಾಕಿದ್ದೇನೆ.

ತಾಳೆ ನೋಡಲು ಗುರುತು ಬೇಕಲ್ಲ. ಹಂಪಿಯ ಪುರಂದರ ಮಂಟಪವೇ ನನ್ನ ಮಾಪನ ಪಟ್ಟಿ. ಡ್ಯಾಮಿನಿಂದ ಲಕ್ಷ ದಾಟಿ ಬಿಟ್ಟರು ಅಂದರೆ ಮಂಟಪ ಮುಳುಗಿದ ಚಿತ್ರ ಮಾರನೇ ದಿನದ ಪೇಪರಿನಲ್ಲಿ ಬಂದೇ ಬರುತ್ತದೆ. ಒಂದೂವರೆ ಲಕ್ಷದ ಹತ್ತಿರ ಹೋದರೆ ಕಂಪ್ಲಿ ಸೇತುವೆಯ ಮಾತು. 2019ರ ಆಗಸ್ಟ್‌ನಲ್ಲಿ ಅದಕ್ಕೂ ಮೇಲೆ ಹೋಗಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ಈ ಗುರುತುಗಳಿಗೆ ನೀರು ಮುಟ್ಟುವವರೆಗೆ ತಳದ ಒರಟುತನದ ಅಂಕಿ, ಮ್ಯಾನಿಂಗ್‌ನ ಎನ್, ತಿದ್ದುತ್ತಾ ಹೋದೆ. ಕಂಪ್ಲಿ ಕಡೆಯ ಮರಳಿನ ತಳಕ್ಕೆ 0.035 ಸಾಕಾಯಿತು, ಹಂಪಿಯ ಬಂಡೆಗಳಿಗೆ 0.06 ಬೇಕಾಯಿತು.

ಕೊನೆಗೆ ಅಪ್ಪನ ಪ್ರಶ್ನೆ ಹಾಕಿದೆ. ಹೊಳೆಯಲ್ಲಿ ಆಗಲೇ 80 ಸಾವಿರ ಹರಿಯುತ್ತಿರುವಾಗ ಇನ್ನೊಂದು ಗೇಟಿನಷ್ಟು ನೀರು ಸೇರಿ ಲಕ್ಷವಾದರೆ ನಮ್ಮ ಸೇತುವೆಯಲ್ಲಿ ಎಷ್ಟು ಏರುತ್ತದೆ? ಸುಮಾರು ಒಂದೂವರೆ ಅಡಿ. ಎಷ್ಟೊತ್ತಿಗೆ? ನಾಲ್ಕು ಗಂಟೆ. ನೀರಿನ ಹನಿ ಸೆಕೆಂಡಿಗೆ 1.7 ಮೀಟರಿನಂತೆ ಬರುತ್ತದೆ, ಆದರೆ ಏರಿಕೆ ಅದಕ್ಕಿಂತ ಮೂರನೇ ಎರಡರಷ್ಟು ಹೆಚ್ಚು ವೇಗದಲ್ಲಿ, 2.8 ಮೀಟರಿನಂತೆ ಮುಂದೆ ಓಡುತ್ತದೆ. ಡ್ಯಾಮಿನಿಂದ ಹೊರಟ ನೀರು ಇನ್ನೂ ದಾರಿಯಲ್ಲಿರುವಾಗಲೇ ಅದರ ಸುದ್ದಿ ಬ್ರಿಜ್ಜಿಗೆ ಬಂದಿರುತ್ತದೆ. ಎಚ್ಚರಿಕೆಯ ಹೊತ್ತನ್ನು ನೀರಿನ ವೇಗದಿಂದ ಲೆಕ್ಕ ಹಾಕಿ "ಇನ್ನೂ ಟೈಮಿದೆ" ಎನ್ನುವವರನ್ನು ನೋಡಿದರೆ ನನಗೆ ಕೈಕಾಲು ತಣ್ಣಗಾಗುತ್ತದೆ.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಬಂದ ಮೇಲೆ ತುರ್ತು ಕ್ರಿಯಾ ಯೋಜನೆಗಳ ಕೆಲಸ ನಮ್ಮಂಥವರಿಗೆ ಬಹಳ ಬರುತ್ತಿದೆ. ಒಂದು ಕಡೆ ಕಲ್ಲಿನ ಕಟ್ಟೆಯೊಂದಕ್ಕೆ ಮಣ್ಣಿನ ಕಟ್ಟೆಯ ಸೂತ್ರ ಹಾಕಿ, ಒಡೆದರೆ ಬೀಳುವ ಬಾಯಿಯ ಅಗಲ ಹೇಳಿದ್ದ ವರದಿ ನನ್ನ ಕೈಗೆ ಬಂತು. ಅವರು ಹಾಕಿದ್ದ ಫ್ರೋಲಿಕ್‌ನ ಸಮೀಕರಣ ಒಡೆದ ಮಣ್ಣಿನ ಏರಿಗಳಿಂದ ಕಲಿತದ್ದು. ಮಣ್ಣು ತಾಸುಗಟ್ಟಲೆ ಕೊರೆದು ಅಗಲವಾಗುತ್ತದೆ, ಕಲ್ಲಿನ ಕಟ್ಟೆಯ ಒಂದು ಭಾಗ ಹೋದರೆ ನಿಮಿಷಗಳಲ್ಲಿ ಹೋಗುತ್ತದೆ. ಕೆಳಗಿನ ಊರಿನವರಿಗೆ ಸಿಗುವ ಹೊತ್ತು ಎರಡರಲ್ಲಿ ಬೇರೆ ಬೇರೆ. ನಾನು ಬರೆದು ಕಳಿಸಿದೆ, ತಿದ್ದಿಸಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳಲ್ಲಿ ಒಂದು ಮಳೆಗಾಲ ಪೂರ್ತಿ ಇತ್ತು.

2025ರ ಮಳೆಗಾಲದಲ್ಲಿ ತುಂಗಭದ್ರೆಯಲ್ಲಿ 80 ಟಿಎಂಸಿಗಷ್ಟೇ ನೀರು ನಿಲ್ಲಿಸಿದರು. "ಅಷ್ಟು ನೀರು ಹೊಳಿಗೆ ಬಿಟ್ರಲ್ಲವ್ವಾ" ಎಂದು ಅಪ್ಪ ಸಂಕಟಪಟ್ಟರು. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ತೋರಿಸಿದೆ. ತುಂಬಿದಾಗ 60 ಅಡಿಯ ಗೇಟಿನ ಮೇಲೆ 20 ಅಡಿ ನೀರಿನ ಒತ್ತಡ ಸುಮಾರು 340 ಟನ್. ಏಳಡಿ ಇಳಿಸಿ 13 ಅಡಿ ನಿಲ್ಲಿಸಿದರೆ ಸುಮಾರು 143 ಟನ್. ನೀರು ಮೂರನೇ ಒಂದು ಭಾಗ ಇಳಿದರೆ ಭಾರ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ, ಯಾಕೆಂದರೆ ಒತ್ತಡ ಎತ್ತರದ ವರ್ಗದಲ್ಲಿ ಏರುತ್ತದೆ. ಎಪ್ಪತ್ತು ವರ್ಷ ಹಳೆಯ ಗೇಟುಗಳಿಗೆ ಅದು ಬೇಕಿತ್ತು. ಅಪ್ಪ ಎರಡೂ ಅಂಕಿಯನ್ನು ಮತ್ತೆ ಹೇಳಿಸಿಕೊಂಡು, ಜೇಬಿನ ಡೈರಿಯಲ್ಲಿ ಬರೆದುಕೊಂಡರು.

ಗೇಟು ಬದಲಾಯಿಸುವ ಕೆಲಸಕ್ಕಾಗಿ ಆ ಸಲ ಎರಡನೇ ಬೆಳೆಗೆ ನೀರಿಲ್ಲ ಎಂದಾಯಿತು. ಹೊಳೆ ಬತ್ತಿತು. ಹರಿಗೋಲಿಲ್ಲದೆ, ಹಗ್ಗವಿಲ್ಲದೆ, ನಡೆದುಕೊಂಡೇ ತಳ ಅಳೆಯಬಹುದಾದ ಬೇಸಿಗೆ. ಬಾಡಿಗೆಗೆ ಒಂದು ಆಟೋ ಲೆವೆಲ್, ಎತ್ತರ ಅಳೆಯುವ ದುರ್ಬೀನು, ತಂದು ಸೇತುವೆಯ ದಡದಲ್ಲಿ ನಿಲ್ಲಿಸಿದೆ. ಗದ್ದೆ ಕೆಲಸವಿಲ್ಲದ ಅಪ್ಪ ಪಂಚೆ ಮೇಲಕ್ಕೆ ಕಟ್ಟಿ, ಅಳತೆಯ ಕೋಲು ಹಿಡಿದು ಮರಳಿಗೆ ಇಳಿದರು. ಹತ್ತು ಹೆಜ್ಜೆಗೊಮ್ಮೆ ಕೋಲು ನೆಟ್ಟು ನಿಲ್ಲುವುದು, ನಾನು ದುರ್ಬೀನಿನಲ್ಲಿ ನೋಡಿ ಬರೆಯುವುದು. ಹೊಳೆಯ ನಟ್ಟನಡುವೆ, ಪ್ರತಿ ವರ್ಷ ನೀರಿನ ಸೆಳವು ಜೋರಿರುವ ಜಾಗದಲ್ಲಿ ನಿಂತು ಕೂಗಿದರು:

"ಇಲ್ಲೆಷ್ಟು ಬಂತವ್ವಾ?"

"ಹನ್ನೊಂದು ಅಡಿ ನಾಲ್ಕು ಇಂಚು, ಅಪ್ಪಾ. ಕೋಲು ನೆಟ್ಟಗೆ ಹಿಡಿ, ಇನ್ನೊಂದ್ಸಲ ನೋಡ್ತೀನಿ."